ಸವೆದ ಮುಂದಿನ ಟೈರು: ಬಿಚ್ಚುವ ಮುನ್ನ ಓದಿ

ಶೇಂಗಾ ಬಿತ್ತನೆಗೆ ಹದ ಸಿಕ್ಕಿತೆಂದರೆ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಕೆಮ್ಮಣ್ಣಿನಲ್ಲಿ ಅದು ನಿಲ್ಲುವುದು ಮೂರೋ ನಾಲ್ಕೋ ದಿನ. ರಾಜ್ಯದಲ್ಲೇ ತೀರ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರಿದ ನೆಲವಿದು. ಆರಿದ್ರೆಯಲ್ಲೋ ಪುನರ್ವಸುವಿನಲ್ಲೋ ಒಂದು ಒಳ್ಳೆಯ ಮಳೆ ಬಿದ್ದರೆ ಊರಿನ ಟ್ರಾಕ್ಟರುಗಳೆಲ್ಲ ರಾತ್ರಿಯೂ ಲೈಟು ಹಾಕಿಕೊಂಡು ಕೂರಿಗೆ ಎಳೆಯುತ್ತವೆ. ಅಂಥ ಹೊತ್ತಿನಲ್ಲಿ ಮುಂದಿನ ಗಾಲಿ ಕೈಕೊಟ್ಟು ಗಾಡಿ ಎರಡು ದಿನ ನಿಂತಿತೆಂದರೆ ಟೈರಿನ ದುಡ್ಡಿನ ಲೆಕ್ಕ ಯಾರೂ ಹಾಕುವುದಿಲ್ಲ. ತೇವ ಆರಿದ ಹೊಲಕ್ಕೆ ಬೀಜ ಬಿದ್ದು, ಸಾಲಿಗೆ ಸಾಲೇ ಹುಟ್ಟದೆ ಹೋಗುವ ಭಯ ದೊಡ್ಡದು.

ನಮ್ಮ ಮನೆಯ ಟ್ರಾಕ್ಟರಿನ ಎಡಗಡೆ ಮುಂದಿನ ಟೈರನ್ನು ಒಂದು ವರ್ಷ ಬಿತ್ತನೆಗೆ ಮುಂಚೆ ಹೊಸದು ಹಾಕಿಸಿದೆವು. ಶೇಂಗಾ ಕೀಳುವ ಹೊತ್ತಿಗೆ ಅದರ ಒಳಬದಿಯ ಏಣು ಬೋಳಾಗಿತ್ತು. ಕಂಪನಿ ಸರಿಯಿಲ್ಲ ಎಂದುಕೊಂಡು ಬೇರೆ ಕಂಪನಿಯದು ತಂದೆವು. ಅದೂ ಅದೇ ಜಾಗದಲ್ಲಿ ಸವೆಯತೊಡಗಿತು. ಕೊನೆಗೆ ಬಳ್ಳಾರಿ ರಸ್ತೆಯ ಬದಿಯಲ್ಲಿ ಶೆಡ್ ಇಟ್ಟಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು ಜಾಕಿ ಕೊಟ್ಟು ಗಾಲಿ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ ತೋರಿಸಿದರು. "ಟೈರಿಗ್ಯಾಕಣ್ಣ ಬೈತೀಯಾ? ಕಿಂಗ್ ಪಿನ್ ಬುಷ್ಷು ಹೋಗೈತೆ ನೋಡು. ಇನ್ನೂ ನಾಕು ಟೈರು ತಂದ್ರೂ ಹಿಂಗೇ ತಿಂತೈತೆ." ಗಾಲಿ ಎಡಬಲಕ್ಕೆ ತಿರುಗುವ ಆ ಪಿನ್ನಿನ ಬುಷ್ಷಿನ ಬೆಲೆ ಟೈರಿನ ಬೆಲೆಗೆ ಹೋಲಿಸಿದರೆ ಏನೂ ಅಲ್ಲ. ಅಂದಿನಿಂದ ಹಳೆಯ ಟೈರನ್ನು ಕೂತು ನೋಡದೆ ಹೊಸ ಟೈರಿಗೆ ದುಡ್ಡು ಕೊಟ್ಟವನಲ್ಲ. ಈ ಲೇಖನದಲ್ಲಿ ಗಾಲಿ ಬಿಚ್ಚಿ ಹಾಕುವ ಕೆಲಸವೆಲ್ಲ ಇದೆ, ಆದರೆ ನನ್ನ ಒತ್ತು ಅದಕ್ಕೂ ಮುಂಚಿನ ಹತ್ತು ನಿಮಿಷದ ಮೇಲೆ.

ಮೊದಲು ಈ ಗಾಲಿಯ ಪಾಡು ಏನೆಂದು ತಿಳಿದುಕೊಳ್ಳಬೇಕು. ನಮ್ಮಲ್ಲಿ ಹೆಚ್ಚು ಓಡುವುದು ಹಿಂದಿನ ಎರಡು ಗಾಲಿ ಮಾತ್ರ ಎಳೆಯುವ ಟ್ರಾಕ್ಟರು. ಅದರ ಮುಂದಿನ ಗಾಲಿಗೆ ಎಂಜಿನ್ನಿನ ಬಲ ಬರುವುದಿಲ್ಲ, ಬ್ರೇಕೂ ಇಲ್ಲ. ಭಾರ ಹೊರುವುದು, ದಾರಿ ತೋರುವುದು, ಇವೆರಡೇ ಅದರ ಕೆಲಸ. ಎರಡು ಟನ್ನಿನ ಹತ್ತಿರ ತೂಗುವ ಟ್ರಾಕ್ಟರಿನ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಮುಂದಿನ ಅಚ್ಚಿನ ಮೇಲಿರುತ್ತದೆ. ಮುಂದೆ ಡೋಜರ್ ಕಟ್ಟಿದರೆ ಇನ್ನೂ ಹೆಚ್ಚು. ಗಾಲಿಯೋ ಚಿಕ್ಕದು. 6.00-16 ಅಳತೆಯ ಟೈರು ಒಂದು ಸುತ್ತಿಗೆ ಸುಮಾರು 2.3 ಮೀಟರ್ ಉರುಳುತ್ತದೆ; ಹಿಂದಿನ 13.6-28 ಟೈರು 4 ಮೀಟರಿಗೂ ಮಿಕ್ಕಿ. ಹಿಂದಿನದು ಒಂದು ಕಿಲೋಮೀಟರಿಗೆ 245 ಸುತ್ತು ಹಾಕಿದರೆ ಮುಂದಿನದು 430 ಸುತ್ತು ಹಾಕಬೇಕು. ಶೇಂಗಾ ಚೀಲ ತುಂಬಿದ ಟ್ರೇಲರ್ ಕಟ್ಟಿಕೊಂಡು ಚಳ್ಳಕೆರೆ ಮಾರುಕಟ್ಟೆಗೆ, ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಎಳೆದು ಊರಿಂದೂರಿಗೆ, ಕೆರೆ ಹೂಳು ಹೊತ್ತು ಹೊಲಕ್ಕೆ ಅಂತ ವರ್ಷದಲ್ಲಿ ಎಷ್ಟು ತಿಂಗಳು ಡಾಂಬರಿನ ಮೇಲೇ ಓಡುತ್ತದೆ ಎಂಬುದನ್ನು ನೆನೆದರೆ ಆ ಚಿಕ್ಕ ಗಾಲಿಯ ದುಡಿಮೆ ಅರ್ಥವಾಗುತ್ತದೆ.

ಟೈರಿನ ಮೈಮೇಲೆ ಉದ್ದುದ್ದ ಮೂರು ಏಣುಗಳಿರುತ್ತವೆ, ನಡುವಿನದು ಎಲ್ಲಕ್ಕಿಂತ ಎತ್ತರ. ಸಡಿಲ ಮಣ್ಣಿನಲ್ಲಿ ಸ್ಟೇರಿಂಗ್ ತಿರುಗಿಸಿದಾಗ ನೇಗಿಲಿನ ಗುಳದ ಹಾಗೆ ಮಣ್ಣಿಗೆ ಕಚ್ಚಿಕೊಂಡು ಮೂತಿಯನ್ನು ಆ ಕಡೆ ಎಳೆಯುವುದು ಆ ನಡುವಿನ ಏಣೇ. ಅದು ಸವೆದು ಮಟ್ಟವಾದರೆ ಹೊಲದ ಕೊನೆಯಲ್ಲಿ ಎಷ್ಟು ತಿರುಗಿಸಿದರೂ ಟ್ರಾಕ್ಟರು ನೆಟ್ಟಗೆ ಜಾರಿಕೊಂಡು ಬದುವಿನ ಮೇಲೆ ಹೋಗುತ್ತದೆ. ಡ್ರೈವರ್ ಒಂದು ಕಡೆಯ ಬ್ರೇಕು ತುಳಿದು ತಿರುಗಿಸುವುದನ್ನು ರೂಢಿ ಮಾಡಿಕೊಳ್ಳುತ್ತಾನೆ. ತಿರುವಿಗೆ ಬ್ರೇಕು ಬೇಕಾಗುವುದು ಹೆಚ್ಚಾಯಿತೆಂದರೆ ಮುಂದಿನ ಟೈರು ಕೊನೆಗೆ ಬಂದಿದೆ ಎಂದೇ ಲೆಕ್ಕ. ನೂಲು ಕಾಣಿಸಿದರಂತೂ ಒಂದು ದಿನವೂ ಕಾಯಬಾರದು.

ಈಗ ಓದುವ ಕೆಲಸ. ಗಾಡಿಯನ್ನು ಮಟ್ಟದ ಜಾಗದಲ್ಲಿ ನಿಲ್ಲಿಸಿ, ಟೈರು ತೊಳೆದು, ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿ. ನಡುವಿನ ಏಣು ಮೊದಲು ಸವೆಯುವುದು ಸಹಜ, ರಸ್ತೆಯ ಭಾರವೆಲ್ಲ ಅದರ ಮೇಲೇ ಬೀಳುತ್ತದೆ. ಅದು ತೀರ ಬೇಗ ಹೋಗಿ ಪಕ್ಕದ ಎರಡು ಹೊಸದರಂತೆ ಉಳಿದಿದ್ದರೆ ಗಾಳಿ ಹೆಚ್ಚಾಗಿದೆ. ಎರಡೂ ಅಂಚು ಸವೆದು, ಪಕ್ಕದ ಗೋಡೆಯಲ್ಲಿ ಸುಕ್ಕುಸುಕ್ಕಾದ ಸೀಳು ಬಿಟ್ಟಿದ್ದರೆ ಗಾಳಿ ಕಡಿಮೆ ಇಟ್ಟು ಭಾರ ಹೊರಿಸಿದ್ದೀರಿ. ಒಳಗಿನ ಅಂಚು ಮಾತ್ರ ಹೋಗಿದ್ದರೆ ನಮ್ಮ ಮನೆಯ ಕತೆ: ಕಿಂಗ್ ಪಿನ್ನಿನ ಬುಷ್ಷು ಸವೆದು ಗಾಲಿಯ ನೆತ್ತಿ ಒಳಕ್ಕೆ ವಾಲಿದೆ. ಹೊಸ ಗಾಡಿಯಲ್ಲಿ ಮುಂದಿನ ಗಾಲಿಗಳ ನೆತ್ತಿ ಒಂದಿಷ್ಟು ಹೊರಕ್ಕೇ ಇರುತ್ತದೆ. ಎದುರಿಗೆ ನಿಂತು ನೋಡಿದರೆ ಬರಿಗಣ್ಣಿಗೂ ಗೊತ್ತಾಗುತ್ತದೆ. ಅಲ್ಲಲ್ಲಿ ಗುಳಿ ಬಿದ್ದಂತೆ ತೇಪೆ ತೇಪೆಯಾಗಿ ಸವೆದಿದ್ದರೆ ಬೇರಿಂಗ್ ಸಡಿಲಾಗಿದೆ, ಇಲ್ಲವೇ ರಿಮ್ಮು ಸೊಟ್ಟಗಾಗಿದೆ.

ಇನ್ನೊಂದು ಸವೆತ ಕಣ್ಣಿಗೆ ಕಾಣದು, ಕೈಗೆ ಸಿಗುತ್ತದೆ. ಅಂಗೈಯನ್ನು ಟೈರಿನ ಮೇಲೆ ಅಡ್ಡಡ್ಡ ಆಡಿಸಿ, ಹೊರಗಿನಿಂದ ಒಳಕ್ಕೆ ಒಮ್ಮೆ, ಒಳಗಿನಿಂದ ಹೊರಕ್ಕೆ ಒಮ್ಮೆ. ಒಂದು ಕಡೆಗೆ ನುಣ್ಣಗೆ ಜಾರಿ, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ಕಚ್ಚಿದರೆ ಗಾಲಿಗಳು ನೇರವಾಗಿ ಉರುಳುತ್ತಿಲ್ಲ, ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತಿವೆ. ಒಳಕ್ಕೆ ಎಳೆಯುವಾಗ ನುಣುಪು, ಹೊರಕ್ಕೆ ಎಳೆಯುವಾಗ ಕಚ್ಚಿದರೆ ಗಾಲಿಗಳ ಮೂಗು ಬೇಕಾದ್ದಕ್ಕಿಂತ ಹೆಚ್ಚು ಒಳಕ್ಕೆ ತಿರುಗಿದೆ. ಇದರ ತದ್ವಿರುದ್ಧವಾದರೆ ಹೊರಕ್ಕೆ. ಮೆಕ್ಯಾನಿಕ್‌ಗಳು ಟೋ-ಇನ್, ಟೋ-ಔಟ್ ಅನ್ನುವುದು ಇದಕ್ಕೇ.

ಇದರ ಬೆಲೆ ಎಷ್ಟೆಂದು ಲೆಕ್ಕ ಹಾಕಿ ನೋಡಿ. ಎರಡೂ ಗಾಲಿಗಳ ಮುಂದಿನ ಅಂತರ ಹಿಂದಿನ ಅಂತರಕ್ಕಿಂತ 15 ಮಿಲಿಮೀಟರ್ ಕಡಿಮೆ ಇದೆ ಎಂದುಕೊಳ್ಳೋಣ. ಗಾಲಿಗೆ ತಲಾ ಏಳೂವರೆ ಮಿ.ಮೀ. ಓರೆ. ಬೆರಳಿನ ದಪ್ಪವೂ ಇಲ್ಲ. ಆದರೆ ಒಂದು ಕಿಲೋಮೀಟರ್ ಓಡುವಷ್ಟರಲ್ಲಿ ಪ್ರತಿ ಟೈರನ್ನೂ 10 ಮೀಟರಿನಷ್ಟು ಅಡ್ಡಡ್ಡ ಎಳೆದು ಉಜ್ಜಿದ ಹಾಗೆ. ರಬ್ಬರು ಉಳಿಯುವುದು ಎಲ್ಲಿಂದ? ನಮ್ಮ ಸೀಮೆಯಲ್ಲಿ ಈ ಅಳತೆ ತಪ್ಪುವುದಕ್ಕೆ ಒಂದು ವಿಶೇಷ ಕಾರಣವೂ ಇದೆ. ಶೇಂಗಾ ಸಾಲಿನ ಅಂತರ 30 ಸೆಂಟಿಮೀಟರ್. ಎಡೆಕುಂಟೆ ಹೊಡೆಯುವಾಗ ಗಾಲಿ ಸಾಲಿನ ಮೇಲೆ ಹೋಗದಿರಲೆಂದು ಮುಂದಿನ ಅಚ್ಚಿನ ತೂತು ಬದಲಿಸಿ ಗಾಲಿಗಳನ್ನು ಅಗಲ ಮಾಡುತ್ತೇವೆ, ಆಮೇಲೆ ಮತ್ತೆ ಕಿರಿದು ಮಾಡುತ್ತೇವೆ. ಅಚ್ಚು ಅಗಲವಾದಾಗ ಎರಡು ಗಾಲಿಗಳನ್ನೂ ಜೊತೆಗೆ ತಿರುಗಿಸುವ ಟೈ ರಾಡನ್ನೂ ಅಷ್ಟೇ ಉದ್ದ ಮಾಡಬೇಕು, ಮಾಡಿದ ಮೇಲೆ ಅಳೆಯಬೇಕು. ಹೊಲದ ಬದುವಿನ ಮೇಲೆ ಅವಸರದಲ್ಲಿ ಮಾಡುವ ಕೆಲಸವಾದ್ದರಿಂದ ಅಳತೆಯ ಮಾತು ಮರೆತೇ ಹೋಗುತ್ತದೆ.

ಹೊಸ ಟೈರು ಕೊಳ್ಳುವಾಗ ಹಳೆಯದರ ಗೋಡೆಯ ಮೇಲಿನ ಅಂಕಿಯನ್ನು ಬರೆದುಕೊಂಡು ಹೋಗಿ. 6.00-16 ಎಂದರೆ ಆರು ಇಂಚು ಅಗಲ, 16 ಇಂಚಿನ ರಿಮ್ಮು. 6.50-16, 7.50-16 ಕೂಡ ಇದೇ 16 ಇಂಚಿನವು, ಆದರೆ ಅಗಲ ಬೇರೆ, ಎತ್ತರ ಬೇರೆ, ಹೊರುವ ಭಾರ ಬೇರೆ. ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಹಾಕಿಸಿಕೊಳ್ಳಬೇಡಿ. 8ಪಿಆರ್ ಎಂಬುದು ಟೈರಿನ ಗಟ್ಟಿತನದ ಅಳತೆ. ಡೋಜರ್ ಕಟ್ಟುವವರು ಅದಕ್ಕಿಂತ ಕಡಿಮೆಯದು ತರಬಾರದು. ಗೋಡೆಯ ಮೇಲೆ ತಯಾರಾದ ದಿನಕ್ಕೆ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡಂಕಿ ವಾರದ್ದು, ಕೊನೆಯ ಎರಡಂಕಿ ವರ್ಷದ್ದು. 2324 ಎಂದಿದ್ದರೆ 2024ರ 23ನೇ ವಾರದ ಮಾಲು. ಅಂಗಡಿಯ ಬಿಸಿಲಿನಲ್ಲಿ ವರ್ಷಗಟ್ಟಲೆ ಬಿದ್ದ ರಬ್ಬರು ಹೊಳೆಯುತ್ತಿದ್ದರೂ ಒಳಗೆ ಗಡುಸಾಗಿರುತ್ತದೆ. ಕಂಪನಿಯ ವಿಚಾರದಲ್ಲಿ ನನ್ನದೇನೂ ಹಟವಿಲ್ಲ. ಹಳಬರು ಈಗಲೂ ಮೈಸೂರಿನ ವಿಕ್ರಾಂತ್ ಟೈರಿನ ಹೆಸರು ಹೇಳುತ್ತಾರೆ. 1997ರಲ್ಲಿ ಆ ಕಾರ್ಖಾನೆ ಜೆಕೆ ಕಂಪನಿಯ ಕೈಸೇರಿತು. ಟೈರಿನ ಜೊತೆ ಟ್ಯೂಬು ಹೊಸದೇ ಇರಲಿ. ಹಳೆಯ ಟ್ಯೂಬು ಹಿಗ್ಗಿರುತ್ತದೆ, ಹೊಸ ಟೈರಿನೊಳಗೆ ಮಡಿಕೆ ಬಿದ್ದು ಆ ಮಡಿಕೆಯಲ್ಲೇ ಸೀಳುತ್ತದೆ.

ನಾಲ್ಕೂ ಗಾಲಿ ಎಳೆಯುವ ಟ್ರಾಕ್ಟರು ನಿಮ್ಮದಾದರೆ ಎಚ್ಚರ ಇನ್ನೂ ಹೆಚ್ಚು ಬೇಕು. ಅಲ್ಲಿ ಮುಂದಿನ ಹಿಂದಿನ ಗಾಲಿಗಳ ಸುತ್ತಳತೆಗೂ ಗೇರಿಗೂ ಲೆಕ್ಕ ಕೂಡಿಸಿರುತ್ತಾರೆ. ಬೇರೆ ಅಳತೆಯ ಟೈರು ಹಾಕಿದರೆ ಗೇರುಗಳು ಒಂದಕ್ಕೊಂದು ಎಳೆದಾಡಿಕೊಂಡು ಸವೆಯುತ್ತವೆ.

ಇನ್ನು ಎತ್ತುವ ಕೆಲಸ. ಟ್ರೇಲರ್ ಬಿಚ್ಚಿ, ಕಲ್ಟಿವೇಟರ್ ಕಟ್ಟಿದ್ದರೆ ನೆಲಕ್ಕೆ ಇಳಿಸಿ, ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕು ಹಾಕಿ. ಹಿಂದಿನ ಎರಡೂ ಗಾಲಿಗೆ ಮುಂದೊಂದು ಹಿಂದೊಂದು ಕಲ್ಲು ಕೊಡಿ. ನಾಯಕನಹಟ್ಟಿಯಲ್ಲಿ ಅಷ್ಟು ದೊಡ್ಡ ತೇರನ್ನು ಗಾಲಿಯ ಬುಡಕ್ಕೆ ಕೊಟ್ಟ ಮರದ ತುಂಡು ಹೇಗೆ ಹಿಡಿದು ನಿಲ್ಲಿಸುತ್ತದೆಂದು ನೋಡಿದವರಿಗೆ ಇದರ ಬಲ ಬೇರೆ ಹೇಳಬೇಕಿಲ್ಲ.

ಇಲ್ಲಿ ಬಹಳ ಜನಕ್ಕೆ ತಿಳಿಯದ ಅಪಾಯವೊಂದಿದೆ. ಟ್ರಾಕ್ಟರಿನ ಮುಂದಿನ ಅಚ್ಚು ಕಾರಿನದರಂತೆ ಕೂತಿರುವುದಿಲ್ಲ. ನಡುವೆ ಒಂದೇ ಒಂದು ಪಿನ್ನಿನ ಮೇಲೆ ತಕ್ಕಡಿಯ ದಂಡದಂತೆ ತೂಗುತ್ತಿರುತ್ತದೆ. ಒಂದು ಗಾಲಿ ಉಬ್ಬಿಗೆ ಹತ್ತಿ ಇನ್ನೊಂದು ತಗ್ಗಿಗೆ ಇಳಿದರೂ ಗಾಡಿ ಮಟ್ಟವಾಗಿರಲೆಂದು ಮಾಡಿದ ಉಪಾಯ ಅದು. ಒಂದು ಪಕ್ಕಕ್ಕೆ ಜಾಕಿ ಕೊಟ್ಟು ಎತ್ತಿದಾಗ ಇದೇ ಉಪಾಯ ಮುಳುವಾಗುತ್ತದೆ: ಅಚ್ಚಿನ ಮೇಲೆ ಎಂಜಿನ್ನಿನ ಭಾರ ಓಲಾಡಿ ಗಾಡಿ ಪಕ್ಕಕ್ಕೆ ವಾಲಬಹುದು. ಆದ್ದರಿಂದ ಜಾಕಿ ಕೊಡುವ ಮುನ್ನ ಅಚ್ಚಿಗೂ ಮೇಲಿನ ಚಾಸಿಗೂ ನಡುವಿನ ಸಂದಿಯಲ್ಲಿ ಎರಡೂ ಕಡೆ ಗಟ್ಟಿ ಮರದ ಬೆಣೆ ಬಡಿಯಿರಿ. ಜಾಲಿಯ ಕಟ್ಟಿಗೆ ಇದಕ್ಕೆ ಬಹಳ ಒಳ್ಳೆಯದು. ಜಾಕಿಯ ಕೆಳಗೆ ಅಗಲವಾದ ಹಲಗೆ ಇಡಿ, ಕೆಮ್ಮಣ್ಣು ಒಣಗಿದ್ದರೂ ಈ ಭಾರಕ್ಕೆ ಕುಸಿಯುತ್ತದೆ. ಎತ್ತಿದ ಮೇಲೆ ಅಚ್ಚಿನ ಕೆಳಗೆ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ, ಭಾರವನ್ನು ಅದರ ಮೇಲೆ ಇಳಿಸಿ. ಬರಿಯ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಕೈಯನ್ನೂ ಹಾಕಬೇಡಿ. ಗಾಲಿಯ ನಟ್ಟುಗಳನ್ನು ಮಾತ್ರ ಎತ್ತುವ ಮೊದಲೇ ಅರ್ಧ ಸುತ್ತು ಸಡಿಲ ಮಾಡಿಕೊಂಡಿರಿ. ಗಾಳಿಯಲ್ಲಿರುವ ಗಾಲಿ ನಟ್ಟಿನ ಜೊತೆ ತಿರುಗುತ್ತದೆ, ಟಾಮಿಗೆ ಬಲ ಸಿಗುವುದಿಲ್ಲ.

ಗಾಲಿ ನೆಲ ಬಿಟ್ಟಿತೇ? ಬಿಚ್ಚಬೇಡಿ, ಅಲ್ಲಾಡಿಸಿ. ನೆತ್ತಿ ಮತ್ತು ಬುಡ ಹಿಡಿದು ಒಳಕ್ಕೆ ಹೊರಕ್ಕೆ ಅಲುಗಿಸುವಾಗ ಇನ್ನೊಬ್ಬರು ಒಳಗಿನಿಂದ ನೋಡುತ್ತಿರಲಿ. ಹಬ್ಬು ಮಾತ್ರ ಅಲುಗಿ ಅದರ ಹಿಂದಿನ ಕಂಬಿ ನೆಟ್ಟಗೆ ನಿಂತಿದ್ದರೆ ಬೇರಿಂಗ್ ಸಡಿಲು. ಕಂಬಿಯೂ ಜೊತೆಗೆ ಅಲುಗಿದರೆ ಕಿಂಗ್ ಪಿನ್ನಿನ ಬುಷ್ಷು. ಎಡಬಲ ಹಿಡಿದು ಅಲುಗಿಸಿದಾಗ ಲಟಲಟ ಎಂದರೆ ಟೈ ರಾಡಿನ ಬಾಲ್ ಜಾಯಿಂಟು. ಕೊನೆಗೆ ಗಾಲಿಯನ್ನು ಜೋರಾಗಿ ತಿರುಗಿಸಿ ಅಚ್ಚಿನ ಮೇಲೆ ಕೈಯಿಟ್ಟುಕೊಳ್ಳಿ. ಬೀಸುವ ಕಲ್ಲಿನ ಗರಗರ ಅಂಗೈಗೆ ಬಂದರೆ ಬೇರಿಂಗ್ ಹೊರಗೆ ತೆಗೆಯಲೇಬೇಕು.

ಗಾಲಿ ಕೆಳಗಿಳಿದ ಮೇಲೆ ರಿಮ್ಮಿನ ಬೋಲ್ಟಿನ ತೂತುಗಳನ್ನು ನೋಡಿ. ಸಡಿಲ ನಟ್ಟಿನಲ್ಲಿ ಓಡಿಸಿದ್ದರೆ ದುಂಡು ತೂತು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಅಂಥ ರಿಮ್ಮಿಗೆ ಹೊಸ ಟೈರು ಹಾಕುವುದು ದಂಡ. ರಿಮ್ಮು ಬಿರಿದಿದ್ದರೆ ವೆಲ್ಡಿಂಗ್ ಶಾಪಿಗೆ ಒಯ್ಯುವವರಿಗೆ ಕೈಮುಗಿದು ಹೇಳುತ್ತೇನೆ: ಟೈರನ್ನೂ ಟ್ಯೂಬನ್ನೂ ಪೂರ್ತಿ ಬಿಚ್ಚಿ ಬರಿ ರಿಮ್ಮು ಒಯ್ಯಿರಿ. ಗಾಳಿ ಬಿಟ್ಟಿದ್ದರೂ ಟೈರು ರಿಮ್ಮಿನ ಮೇಲಿದ್ದರೆ ವೆಲ್ಡಿಂಗಿನ ಕಾವಿಗೆ ಒಳಗೆ ರಬ್ಬರಿನ ಆವಿ ತುಂಬಿ ಬಾಂಬಿನಂತೆ ಸಿಡಿಯಬಲ್ಲದು.

ಟೈರು ಬಿಚ್ಚುವುದು ಪಂಚರ್ ಅಂಗಡಿಯವರಿಗೆ ನಿತ್ಯದ ಕೆಲಸ. ಹೊಲದಲ್ಲೇ ಮಾಡಬೇಕಾಗಿ ಬಂದವರಿಗೆ ಒಂದು ಗುಟ್ಟು ಸಾಕು. ರಿಮ್ಮಿನ ನಡುವೆ ಒಂದು ಗುಳಿ ಸುತ್ತಲೂ ಹರಿದಿರುತ್ತದೆ. ಗಾಳಿಯೆಲ್ಲ ಬಿಟ್ಟು, ಟೈರಿನ ಅಂಚನ್ನು ತುಳಿದು ಬಿಡಿಸಿ, ಲಿವರ್ ಹಾಕುವ ಜಾಗದ ನೇರ ಎದುರಿನ ಅಂಚನ್ನು ಮೊಣಕಾಲಿನಿಂದ ಆ ಗುಳಿಗೆ ಒತ್ತಿ ಹಿಡಿಯಿರಿ. ಈಚೆ ಅಷ್ಟು ಸಡಿಲ ಸಿಕ್ಕಿ ಲಿವರ್ ಸಲೀಸಾಗಿ ಎತ್ತುತ್ತದೆ. ಗುಳಿಯ ಸುದ್ದಿಯೇ ಇಲ್ಲದೆ ಹಾರೆ ಹಾಕಿ ಎಳೆದರೆ ಅಂಚಿನೊಳಗಿನ ತಂತಿ ಹರಿಯುತ್ತದೆ, ಹೊಸ ಟೈರು ಹಾಕುವ ದಿನವೇ ಹಾಳು.

ಟ್ಯೂಬು ಮಾತ್ರ ಬದಲಿಸಿ ಹಳೆಯ ಟೈರನ್ನೇ ಮತ್ತೆ ಹಾಕುವುದಾದರೆ ಬಳ್ಳಾರಿ ಜಾಲಿಯನ್ನು ನೆನೆಸಿಕೊಳ್ಳಿ. ಬದು, ಕೆರೆಯ ಅಂಗಳ, ರಸ್ತೆಯ ಎರಡೂ ಮಗ್ಗುಲು ಎಲ್ಲ ಅದರದೇ ರಾಜ್ಯ. ಅದರ ಮುಳ್ಳು ಟೈರಿನೊಳಗೆ ಹೊಕ್ಕು ತಿರುಗಾಟದಲ್ಲಿ ಹೊರಗಿನ ತುದಿ ಮುರಿದುಹೋಗುತ್ತದೆ. ಹೊರಗೆ ಏನೂ ಕಾಣದು, ಒಳಗೆ ಅಕ್ಕಿಕಾಳಿನಷ್ಟು ಮೊನೆ ಚಾಚಿಕೊಂಡಿರುತ್ತದೆ. ಬೆರಳಾಡಿಸಿದರೆ ಬೆರಳಿಗೇ ಚುಚ್ಚುತ್ತದೆ. ಹತ್ತಿ ಬಟ್ಟೆಯ ತುಂಡೊಂದನ್ನು ಟೈರಿನ ಒಳಮೈಯಲ್ಲಿ ಸುತ್ತಲೂ ನಿಧಾನವಾಗಿ ಎಳೆಯಿರಿ. ಎಲ್ಲಿ ಎಳೆ ಸಿಕ್ಕಿಕೊಂಡಿತೋ ಅಲ್ಲಿ ಮುಳ್ಳಿದೆ. ಅದನ್ನು ಇಕ್ಕಳದಿಂದ ಕೀಳಿ, ಇಲ್ಲವೇ ಒಳಗಿನಿಂದ ಹೊರಕ್ಕೆ ನೂಕಿ. ಒಂದೇ ಟೈರಿನಲ್ಲಿ ಐದಾರು ಮೊನೆ ಸಿಕ್ಕಿದ್ದನ್ನು ನಾನು ಕಂಡಿದ್ದೇನೆ. ಟ್ಯೂಬಿನ ತೂತು ಎಲ್ಲಿದೆಯೆಂದು ನೋಡಿ ವಾಲ್ವಿನಿಂದ ಎಷ್ಟು ದೂರ ಎಂದು ಅಳೆದು ಟೈರಿನಲ್ಲಿ ಅದೇ ಜಾಗ ಹುಡುಕುವುದೂ ಒಂದು ದಾರಿ, ಆದರೆ ಬಟ್ಟೆ ಎಳೆಯುವುದನ್ನು ಬಿಡಬೇಡಿ.

ಹಾಕುವಾಗ ರಿಮ್ಮಿನ ತುಕ್ಕು ತಂತಿ ಬ್ರಷ್ಷಿನಿಂದ ಕೆರೆದು ಒರೆಸಿ, ಟೈರಿನ ಒಳಗೆ ಪೌಡರ್ ಉದುರಿಸಿ, ಅಂಚಿಗೆ ಸೋಪಿನ ನೊರೆ ಹಚ್ಚಿ. ಎಣ್ಣೆ, ಗ್ರೀಸು ಬೇಡ, ರಬ್ಬರು ಊದುತ್ತದೆ. ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ಹೊಡೆದು ಕೂರಿಸಿ. ಅಂಚು ಸುತ್ತಲೂ ಸಮನಾಗಿ ಕೂತ ಮೇಲೆ ಗಾಳಿಯೆಲ್ಲ ಒಮ್ಮೆ ಬಿಟ್ಟು ಮತ್ತೆ ಹೊಡೆಯಿರಿ, ಒಳಗಿನ ಮಡಿಕೆ ಬಿಚ್ಚಿಕೊಳ್ಳಲಿ. ಅಂಚು ಕೂರಲಿಲ್ಲವೆಂದು 35 ಪೌಂಡು ದಾಟಿಸಿ ಹೊಡೆಯುತ್ತಾ ಹೋಗುವುದು ಜೀವಕ್ಕೇ ಅಪಾಯ. ಗಾಳಿ ಬಿಟ್ಟು, ಮತ್ತೆ ನೊರೆ ಹಚ್ಚಿ, ಮತ್ತೆ ಕೂರಿಸಿ. ಕೊನೆಗೆ ಇಡಬೇಕಾದ ಗಾಳಿ ಸಾಮಾನ್ಯವಾಗಿ 25ರಿಂದ 35 ಪೌಂಡಿನ ನಡುವೆ ಬರುತ್ತದೆ. ನಿಮ್ಮ ಗಾಡಿಯ ಕೈಪಿಡಿ ಹೇಳುವ ಅಂಕಿಯೇ ಸರಿಯಾದದ್ದು.

ಬೇರಿಂಗಿನ ವಿಷಯಕ್ಕೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಮ್ಮ ಧೂಳಿಗೆ ಮೊದಲು ಬಲಿಯಾಗುವುದು ಅದೇ. ಹಬ್ಬಿನ ಒಳಗೆ ಎರಡು ಬೇರಿಂಗ್, ಒಳಗಡೆ ದೊಡ್ಡದು, ಹೊರಗಡೆ ಚಿಕ್ಕದು. ಎರಡೂ ಓರೆ ಉರುಳೆಯವು. ಗಾಲಿಗೆ ಮೇಲಿನಿಂದ ಬರುವ ಭಾರವನ್ನೂ ತಿರುವಿನಲ್ಲಿ ಪಕ್ಕದಿಂದ ಬರುವ ನೂಕನ್ನೂ ಒಟ್ಟಿಗೇ ತಾಳಿಕೊಳ್ಳಲೆಂದು ಉರುಳೆಗಳನ್ನು ಓರೆಯಾಗಿ ಜೋಡಿಸಿರುತ್ತಾರೆ. ಅಮೆರಿಕದಲ್ಲಿ ಗಾಡಿ ಕಟ್ಟುತ್ತಿದ್ದ ಹೆನ್ರಿ ಟಿಮ್ಕೆನ್ 1898ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದೂ ಕುದುರೆಗಾಡಿಗಳ ಕಾಲದಲ್ಲೇ. ಹಬ್ಬಿನ ಒಳಬಾಯಿಗೆ ಒಂದು ಸೀಲು ಇರುತ್ತದೆ. ಅದು ಹರಿದರೆ ಕೆಂಪು ಧೂಳು ಒಳಗೆ ಹೋಗಿ ಗ್ರೀಸಿನ ಜೊತೆ ಕಲಸಿ ಸಾಣೆ ಹಿಡಿಯುವ ಮುಲಾಮಿನಂತಾಗಿ ಉಕ್ಕನ್ನು ತೇಯುತ್ತದೆ.

ಹೊರಗಿನ ಟೋಪಿ ತೆಗೆದರೆ ಕಿರೀಟದಂತೆ ಕಂಡಿಗಳಿರುವ ನಟ್ಟು, ಅದರ ಅಡ್ಡಕ್ಕೆ ಕಾಟರ್ ಪಿನ್ನು. ಎತ್ತಿನ ಗಾಡಿಯಲ್ಲಿ ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹೊಡೆಯುತ್ತಿದ್ದ ಕಡಾಣಿ ಮಾಡುವ ಕೆಲಸವನ್ನೇ ಈ ಪಿನ್ನು ಮಾಡುತ್ತದೆ. ವಚನಗಳಲ್ಲಿ ಬರುವ ಕಡೆಗೀಲು ಅದೇ. ಪಿನ್ನು ಕಿತ್ತ ಮೇಲೆ ಮತ್ತೆ ಅದನ್ನೇ ನೆಟ್ಟಗೆ ಮಾಡಿ ಹಾಕುವುದು ಬೇಡ. ಒಮ್ಮೆ ಮಡಚಿ ಬಿಚ್ಚಿದ ತಂತಿ ಒಳಗೇ ಬಿರಿದಿರುತ್ತದೆ. ಹೊಸದಕ್ಕೆ ಕೆಲವೇ ರೂಪಾಯಿ. ತಂತಿ ತುಂಡು, ಮೊಳೆ ಹಾಕಿಕೊಂಡು ಟ್ರೇಲರ್ ಎಳೆಯುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ, ಆ ಗಾಲಿ ಕಳಚಿದರೆ ಎದುರಿಗೆ ಬರುವ ಬೈಕಿನವನಿಗೆ ದಿಕ್ಕು ಯಾರು?

ಬೇರಿಂಗುಗಳನ್ನು ಡೀಸೆಲ್ಲಿನಲ್ಲಿ ತೊಳೆದು ಒಣಗಿಸಿ ಬೆಳಕಿಗೆ ಹಿಡಿಯಿರಿ. ಉರುಳೆಯ ಮೈ ಕನ್ನಡಿಯಂತಿರಬೇಕು. ನೀಲಿ ಬಣ್ಣಕ್ಕೆ ತಿರುಗಿದ್ದರೆ ಕಾದು ಬೆಂದಿದೆ. ಸಿಡುಬಿನ ಕಲೆಯಂಥ ಗುಳಿಗಳಿದ್ದರೆ ಅದರ ಆಯಸ್ಸು ಮುಗಿದಿದೆ. ಕಂಪ್ರೆಸರ್ ಗಾಳಿ ಬಿಟ್ಟು ಗಿರ್ರನೆ ತಿರುಗಿಸುವ ಆಟ ಬೇಡ. ಹೊಸದು ಹಾಕುವುದಾದರೆ ಉರುಳೆಗಳಿರುವ ಕೋನು, ಅದು ಕೂರುವ ಕಪ್ಪು ಎರಡನ್ನೂ ಜೊತೆಯಾಗಿ ಬದಲಿಸಬೇಕು. ಕಪ್ಪನ್ನು ಹಬ್ಬಿನೊಳಗೆ ಕೂರಿಸುವಾಗ ಹಿತ್ತಾಳೆಯ ಸರಳಿಟ್ಟು ಸುತ್ತಲೂ ಸ್ವಲ್ಪ ಸ್ವಲ್ಪವೇ ಹೊಡೆಯುತ್ತಾ ಬನ್ನಿ. ಇಳಿಯುವಾಗ ಟಣ್ ಟಣ್ ಎನ್ನುತ್ತಿರುತ್ತದೆ, ತಳ ಮುಟ್ಟಿದ ಕೂಡಲೇ ದನಿ ಬದಲಾಗಿ ದಪ್ಪಗಾಗುತ್ತದೆ. ಕಿವಿಯೇ ಅಲ್ಲಿ ಅಳತೆಗೋಲು.

ಗ್ರೀಸು ಹಚ್ಚುವುದಲ್ಲ, ತುಂಬುವುದು. ಎಡ ಅಂಗೈಯಲ್ಲಿ ನಿಂಬೆಗಾತ್ರದ ಗ್ರೀಸು ಇಟ್ಟುಕೊಂಡು, ಬೇರಿಂಗಿನ ಅಗಲ ಬಾಯನ್ನು ಅದರ ಅಂಚಿಗೆ ಒತ್ತಿ ಒತ್ತಿ ಗೀರಿ. ಉರುಳೆಗಳ ಸಂದಿಯಿಂದ ಮೇಲಕ್ಕೆ ಎಳೆ ಎಳೆಯಾಗಿ ಗ್ರೀಸು ಉಕ್ಕುವವರೆಗೆ ಒತ್ತಿ, ಒಂದಿಷ್ಟು ತಿರುಗಿಸಿ ಮತ್ತೆ ಒತ್ತಿ. ಒಂದು ಸುತ್ತು ಮುಗಿಯಲು ನಾಲ್ಕೈದು ನಿಮಿಷ ಹಿಡಿಯುತ್ತದೆ. ಹಬ್ಬಿನ ಒಳಗಿನ ಖಾಲಿ ಜಾಗವನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಕಾದಾಗ ಗ್ರೀಸು ಹಿಗ್ಗಿ ಸೀಲನ್ನೇ ನೂಕುತ್ತದೆ. ಸೀಲು ಮಾತ್ರ ಪ್ರತಿ ಸಲ ಹೊಸದು.

ನಟ್ಟು ಬಿಗಿಯುವಾಗ ಒಂದು ಕೈಯಲ್ಲಿ ಗಾಲಿ ತಿರುಗಿಸುತ್ತಲೇ ಇರಿ. ಗಾಲಿ ಹಿಡಿದು ಹಿಡಿದು ತಿರುಗುವ ತನಕ ಬಿಗಿದು, ಆಮೇಲೆ ಒಂದು ಕಂಡಿಯಷ್ಟು ಹಿಂದಕ್ಕೆ ಬಿಚ್ಚಿ, ಪಿನ್ನು ಹಾಕಿ, ಎರಡೂ ಕಾಲು ಅಗಲಿಸಿ ಮಡಚಿ. ಗಾಲಿ ಸಲೀಸಾಗಿ ತಿರುಗಬೇಕು, ಅಲುಗಿಸಿದರೆ ಲಟಕ್ ಎನ್ನಬಾರದು. ಬಹಳ ಬಿಗಿಯಾದರೆ ಸುಡುತ್ತದೆ, ಸಡಿಲವಾದರೆ ಕುಟ್ಟುತ್ತದೆ.

ಊರಿನ ಹುಡುಗರು ಅಮೆರಿಕದಿಂದ ಫೋನು ಮಾಡಿದಾಗ ಅಲ್ಲಿ ಮನೆಯ ಮುಂದಿನ ಹುಲ್ಲು ಕತ್ತರಿಸುವ ಪುಟ್ಟ ಟ್ರಾಕ್ಟರಿನ ಗಾಲಿಯ ಬಗ್ಗೆ ಕೇಳುವುದುಂಟು. ಅದರಲ್ಲಿ ಬಹುತೇಕ ಇಷ್ಟೆಲ್ಲ ಇರುವುದಿಲ್ಲ. ಕಂಬಿಯ ತುದಿಯಲ್ಲಿ ಒಂದು ಕ್ಲಿಪ್ಪು, ಒಂದು ವಾಷರು, ಗಾಲಿಯ ನಡುವೆ ಬುಷ್ಷು. ಕ್ಲಿಪ್ಪನ್ನು ಸ್ಕ್ರೂ ಡ್ರೈವರಿನಿಂದ ಮೀಟಿದರೆ ಗಾಲಿ ಕೈಗೆ ಬರುತ್ತದೆ. ಮೀಟುವಾಗ ಅದರ ಮೇಲೊಂದು ಬಟ್ಟೆ ಹಿಡಿಯಿರಿ, ಇಲ್ಲದಿದ್ದರೆ ಚಿಮ್ಮಿ ಹುಲ್ಲಿನಲ್ಲಿ ಮಾಯವಾಗುತ್ತದೆ. ಟೈರಿನ ಅಂಕಿ ಓದುವ ರೀತಿ ಮಾತ್ರ ತಿರುಗುಮುರುಗು: 15x6.00-6 ಎಂದರೆ ಒಟ್ಟು ಎತ್ತರ 15 ಇಂಚು, ಅಗಲ ಆರು, ರಿಮ್ಮು ಆರು. ಗಾಲಿ ವಾಲಿದ್ದರೆ ಅಲ್ಲೂ ಮೊದಲು ನೋಡಬೇಕಾದ್ದು ಬುಷ್ಷನ್ನೇ.

ನಮ್ಮ ಟ್ರಾಕ್ಟರಿಗೆ ಬರೋಣ. ಗಾಲಿ ಕೂರಿಸಿ ನಟ್ಟುಗಳನ್ನು ಒಂದರ ಪಕ್ಕ ಒಂದಲ್ಲ, ಎದುರುಬದುರಾಗಿ ಬಿಗಿಯಿರಿ. ಡಿಸ್ಕಿನ ಉಬ್ಬು ಹಳೆಯ ದಿಕ್ಕಿನಲ್ಲೇ ಇರಲಿ. ಅಗಲ ಸಿಗುತ್ತದೆಂದು ತಿರುಗಿಸಿ ಹಾಕಿದರೆ ಭಾರ ಹೊರಗಿನ ಚಿಕ್ಕ ಬೇರಿಂಗಿನ ಮೇಲೆ ಬೀಳುತ್ತದೆ. ಗಾಡಿ ಇಳಿಸಿ, ಬೆಣೆಗಳನ್ನು ತೆಗೆಯುವುದನ್ನು ಮರೆಯದೆ, ಟೋ-ಇನ್ ಅಳೆಯಿರಿ. ಇದಕ್ಕೆ ಯಂತ್ರ ಬೇಡ, ಟೇಪು ಮತ್ತು ಸುಣ್ಣದ ಕಡ್ಡಿ ಸಾಕು. ಸ್ಟೇರಿಂಗ್ ನೆಟ್ಟಗಿಟ್ಟು, ಎರಡೂ ರಿಮ್ಮಿನ ಮುಂಭಾಗದ ಒಳಅಂಚಿನಲ್ಲಿ ಹಬ್ಬಿನ ಎತ್ತರಕ್ಕೆ ಸರಿಯಾಗಿ ಗುರುತು ಹಾಕಿ, ಅಂತರ ಬರೆದುಕೊಳ್ಳಿ. ಆಮೇಲೆ ಗಾಡಿಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ ಅವೇ ಗುರುತುಗಳು ಹಿಂದೆ ಅದೇ ಎತ್ತರಕ್ಕೆ ಬಂದಾಗ ಮತ್ತೆ ಅಳೆಯಿರಿ. ಅದೇ ಗುರುತಿನಲ್ಲಿ ಅಳೆದರೆ ರಿಮ್ಮು ಒಂದಿಷ್ಟು ಸೊಟ್ಟಗಿದ್ದರೂ ಲೆಕ್ಕ ತಪ್ಪುವುದಿಲ್ಲ. ಮುಂದಿನ ಅಂತರ ಹಿಂದಿನದಕ್ಕಿಂತ ಸಾಮಾನ್ಯವಾಗಿ 3ರಿಂದ 5 ಮಿ.ಮೀ. ಕಡಿಮೆ ಇರಬೇಕು. ಓಡುವಾಗ ನೆಲದ ತಡೆಗೆ ಗಾಲಿಗಳು ಹೊರಕ್ಕೆ ತೆರೆದುಕೊಳ್ಳುತ್ತವೆ. ಆ ಕೆಲವು ಮಿಲಿಮೀಟರ್ ಸರಿದು ಆಗ ಎರಡೂ ನೇರವಾಗುತ್ತವೆ. ವ್ಯತ್ಯಾಸ ಬಂದರೆ ಟೈ ರಾಡಿನ ಚೆಕ್ ನಟ್ಟು ಸಡಿಲಿಸಿ, ರಾಡು ತಿರುಗಿಸಿ, ಮತ್ತೆ ಅಳೆದು, ಮತ್ತೆ ಬಿಗಿಯಿರಿ.

ಎರಡು ಟೈರಿಗೂ ಒಟ್ಟಿಗೆ ದುಡ್ಡು ಹೊಂದದಿದ್ದರೆ ಒಂದನ್ನೇ ಹಾಕಿ, ತೊಂದರೆಯಿಲ್ಲ. ಇನ್ನೊಂದು ಕಡೆಯ ಏಣು ಕೈಬೆರಳಿಗೆ ಸಿಗುವಷ್ಟಾದರೂ ಉಳಿದಿರಬೇಕು. ಇಲ್ಲದಿದ್ದರೆ ಗಾಡಿ ಒಂದೇ ಕಡೆಗೆ ಎಳೆಯುತ್ತದೆ.

ಕೆಲಸ ಮುಗಿಯಿತೆಂದು ಹೊಲಕ್ಕೆ ಹೋದವರು ಅರ್ಧ ಗಂಟೆ ಓಡಿಸಿದ ಮೇಲೆ ಇಳಿದು ಹಬ್ಬಿನ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಟ್ಟರೆ ನಟ್ಟು ಬಿಗಿಯಾಗಿದೆ, ಅಲ್ಲೇ ನಿಲ್ಲಿಸಿ ಒಂದು ಕಂಡಿ ಸಡಿಲಿಸಿ. ಅಂದು ಸಂಜೆ ಮನೆಗೆ ಬಂದಾಗ ಗಾಲಿಯ ನಟ್ಟುಗಳಿಗೆ ಇನ್ನೊಮ್ಮೆ ಪಾನಾ ಹಾಕಿ ನೋಡಿ. ಬಣ್ಣ ಕುಗ್ಗಿ, ತುಕ್ಕು ಉದುರಿ ಯಾವುದಾದರೂ ಒಂದು ನಟ್ಟು ಅರ್ಧ ಸುತ್ತಾದರೂ ತಿರುಗುತ್ತದೆ.